ನಮ್ಮ ನೆಲ, ಕೆಳಮನೆಯ ಸೂರು

ಮುಂಬಯಿಯಲ್ಲಿ ಮನೆಯೊಳಗೇ ಧ್ವನಿಮುದ್ರಣದ ಬೂತ್ ಕಟ್ಟಿಸಿಕೊಂಡವರನ್ನು ಏನೇನು ಮಾಡಿಸಿದಿರಿ ಎಂದು ಕೇಳಿ ನೋಡಿ. ಮೊದಲು ಗೋಡೆಯ ವರ್ಣನೆ ಬರುತ್ತದೆ, ಆಮೇಲೆ ಬಾಗಿಲಿನದು, ಕೊನೆಗೆ ಒಳಗೆ ಅಂಟಿಸಿದ ಫೋಮಿನ ಬಣ್ಣ. ನೆಲದ ಮಾತು ಬಂದರೂ ‘ಕೆಳಗೊಂದು ಕಾರ್ಪೆಟ್ ಹಾಸಿದೆವು’ ಎಂಬಲ್ಲಿಗೆ ಮುಗಿಯುತ್ತದೆ. ಜಾಹೀರಾತು, ಕಾರ್ಟೂನು, ಸಾಕ್ಷ್ಯಚಿತ್ರ, ಈಚೆಗೆ ಆಡಿಯೊ ಪುಸ್ತಕ ಎಂದು ಈ ಊರಿನಲ್ಲಿ ಬೆಳೆದ ಕನ್ನಡದ ದನಿಗೆಲಸವನ್ನು ಹತ್ತಿರದಿಂದ ಕಂಡ ವರ್ಷಗಳನ್ನು ಈಗ ನೆನೆದುಕೊಂಡರೆ, ಕೈಕೊಟ್ಟ ಬೂತುಗಳಲ್ಲಿ ಹೆಚ್ಚಿನವು ಪಾದದ ಕಡೆಯಿಂದಲೇ ಕೈಕೊಟ್ಟವು ಅನ್ನಿಸುತ್ತದೆ. ಕೆಲವು ಕಡೆ ಕೆಳಗಿನಿಂದ ಸದ್ದು ಹತ್ತಿತು. ಕೆಲವು ಕಡೆ ಮಳೆಗಾಲದಲ್ಲಿ ತಳದ ಪ್ಲೈವುಡ್ ಉಬ್ಬಿತು. ಇನ್ನು ಕೆಲವರಿಗೆ ಮನೆ ಬಿಡುವ ಹೊತ್ತಿಗೆ ನೆಲದ ಲಾದಿ ಸೀಳಿರುವುದು ಕಂಡು, ಡಿಪಾಜಿಟ್ ಪೂರ್ತಿ ಕೈಗೆ ಬರಲಿಲ್ಲ. ನನ್ನ ವಾದ ಇಷ್ಟೇ: ಮುಂಬಯಿಯ ಫ್ಲ್ಯಾಟಿನಲ್ಲಿ ಬೂತಿನ ಲೆಕ್ಕವನ್ನು ನೆಲದಿಂದ ಮೇಲಕ್ಕೆ ಹಾಕಬೇಕು. ಗೋಡೆ ಎಷ್ಟು ದಪ್ಪ, ಬಾಗಿಲು ಎಷ್ಟು ಭಾರ ಎಂಬುದನ್ನು ನೆಲ ತೀರ್ಮಾನಿಸಬೇಕು. ಆ ನೆಲವಾದರೂ ನಮ್ಮೊಬ್ಬರದಲ್ಲ. ಅದರ ಇನ್ನೊಂದು ಮುಖ ಕೆಳಮನೆಯವರ ಸೂರು.

ಬೂತು ಮನೆಗೆ ಬಂದದ್ದು ಈಚೆಗೆ. ಅದಕ್ಕೆ ಮೊದಲು ಸದ್ದಿನ ಜೊತೆ ರಾಜಿ ಮಾಡಿಕೊಳ್ಳುವ ದೊಡ್ಡ ಪರಂಪರೆಯೇ ಈ ಊರಿಗಿತ್ತು. 1940ರ ದಶಕದಲ್ಲಿ ಹಿಂದಿ ಸಿನಿಮಾದ ಹಾಡುಗಳನ್ನು ಎಷ್ಟೋ ಸಲ ರಾತ್ರಿಯೇ ಮುದ್ರಿಸುತ್ತಿದ್ದರು. ಚಿತ್ರೀಕರಣದ ಗಲಾಟೆ ಅಡಗಿದ ಮೇಲೆ, ಫ್ಯಾನು ಆರಿಸಿ, ಬೆವರುತ್ತ ಹಾಡಬೇಕಿತ್ತು. ಗೋಡೆ ಮಾಡಲಾರದ ಕೆಲಸವನ್ನು ಗಡಿಯಾರದಿಂದ ಮಾಡಿಸಿಕೊಂಡ ಕಾಲ ಅದು. 1946ರಲ್ಲಿ ಮಹಾಲಕ್ಷ್ಮಿಯ ಫೇಮಸ್ ಸ್ಟುಡಿಯೊ, 1954ರಲ್ಲಿ ಬಾಂದ್ರಾದ ಮೆಹಬೂಬ್ ಸ್ಟುಡಿಯೊ ಬಂದವು. ಕ್ರಮೇಣ ಮುದ್ರಣದ ಕೋಣೆಯನ್ನು ಕಟ್ಟಡದಿಂದಲೇ ಬಿಡಿಸಿ, ಪೆಟ್ಟಿಗೆಯೊಳಗೊಂದು ಪೆಟ್ಟಿಗೆ ಇಟ್ಟಂತೆ ಕಟ್ಟುವುದು ಈ ಕಸುಬಿನ ರೂಢಿಯಾಯಿತು. 1967ರ ನವೆಂಬರ್ 1ರಂದು ವಿವಿಧ ಭಾರತಿ ಜಾಹೀರಾತಿಗೆ ಬಾಗಿಲು ತೆರೆದ ಮೇಲೆ ಮುಂಬಯಿಯ ಏಜೆನ್ಸಿಗಳು ಪ್ರತಿ ಭಾಷೆಗೂ ದನಿ ಹುಡುಕತೊಡಗಿದವು. ಮೈಸೂರು ಅಸೋಸಿಯೇಷನ್ 1926ರಿಂದಲೂ ಕರ್ನಾಟಕ ಸಂಘ 1933ರಿಂದಲೂ ಇರುವ ಊರಿನಲ್ಲಿ ನಾಟಕದ ಗೀಳಿನ ಕನ್ನಡ ದನಿಗಳಿಗೆ ಬರವಿರಲಿಲ್ಲ. ಅವರು ಕಚೇರಿ ಮುಗಿಸಿ ಸ್ಟುಡಿಯೊಗೆ ಹೋಗಿ ಓದಿ ಬರುವವರು. ನೆಲ, ಗೋಡೆ ಎಲ್ಲ ಸ್ಟುಡಿಯೊದವರ ತಲೆನೋವು. ಕನ್ನಡ ಚಿತ್ರರಂಗ ಡಬ್ಬಿಂಗಿಗೆ ಒಡ್ಡಿದ್ದ ತಡೆಯ ವಿರುದ್ಧ 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಕೆಲಸದ ಹರಿವು ಹೆಚ್ಚಿತು. 2020ರ ಮಾರ್ಚಿನ ಲಾಕ್‌ಡೌನ್ ಸ್ಟುಡಿಯೊಗಳ ಬಾಗಿಲು ಹಾಕಿಸಿತು. ಆಗ ಬಟ್ಟೆಯ ಕಪಾಟು, ಹಾಸಿಗೆ, ಉತ್ತರ ಕರ್ನಾಟಕದ ಮನೆಗಳಿಂದ ಮುಂಬಯಿಗೆ ಗಂಟಿನಲ್ಲಿ ಬಂದ ಕೌದಿ, ಎಲ್ಲವೂ ಬೂತಿನ ಗೋಡೆಯಾದವು.

ಕೌದಿಯನ್ನು ನಾನು ಹಗುರಾಗಿ ಕಾಣುವುದಿಲ್ಲ. ಹಳೆಯ ಸೀರೆ, ಧೋತರದ ಪದರಗಳನ್ನು ಒತ್ತಾಗಿ ಹೊಲಿದ ಆ ಹೊದಿಕೆ ಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ತೂಗಿಬಿಟ್ಟರೆ ಕೋಣೆಯ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತದೆ. ಅಂಗಡಿಯ ತೆಳು ಫೋಮಿಗಿಂತ ವಾಸಿ. ಆದರೆ ಹೀರುವುದು ಬೇರೆ, ತಡೆಯುವುದು ಬೇರೆ. ಒಳಗಿನ ದನಿ ಗೋಡೆಗೆ ಬಡಿದು ಮೈಕಿಗೆ ಮರಳದಂತೆ ನೋಡಿಕೊಳ್ಳುವುದು ಹೀರುವ ಕೆಲಸ. ಹೊರಗಿನ ಸದ್ದು ಒಳಗೆ ಬರದಂತೆ ನೋಡಿಕೊಳ್ಳುವುದು ತಡೆಯುವ ಕೆಲಸ. ಅದಕ್ಕೆ ಬೇಕಾದ್ದು ತೂಕ, ಸಂದಿಯಿಲ್ಲದ ಮುಚ್ಚುಗೆ ಮತ್ತು ಕಟ್ಟಡದಿಂದ ಬಿಡುಗಡೆ. ಮೊಟ್ಟೆಯ ಟ್ರೇಗಳನ್ನು ಸಾಲಾಗಿ ಅಂಟಿಸಿ ಸೌಂಡ್‌ಪ್ರೂಫ್ ಮಾಡಿದೆವೆಂದು ನಂಬಿದವರು ಎರಡನ್ನೂ ಕಲಸಿಹಾಕಿದವರು. ಆ ಟ್ರೇಗಳು ಒಳಗಿನ ದನಿಯ ಮೇಲ್ತುದಿಯನ್ನಷ್ಟು ಮಬ್ಬು ಮಾಡುತ್ತವೆ. ಹೊರಗಿನ ಆಟೋರಿಕ್ಷಾವನ್ನು ಒಂದಿಷ್ಟೂ ತಡೆಯುವುದಿಲ್ಲ. ನೆಲಕ್ಕೆ ಕಾರ್ಪೆಟ್ ಹಾಸಿದವರದೂ ಇದೇ ಕಥೆ. ಕಾರ್ಪೆಟ್ ನಮ್ಮ ಹೆಜ್ಜೆಯ ಟಕಟಕವನ್ನು ಕೆಳಮನೆಗೆ ಕಡಿಮೆ ಮಾಡುತ್ತದೆ, ಅದು ಒಳ್ಳೆಯದೇ. ಕೆಳಗಿನಿಂದ ಮೇಲಕ್ಕೆ ಬರುವ ನಡುಕಕ್ಕೆ ಅದರಿಂದ ಅಡ್ಡಿಯಿಲ್ಲ.

ಇಲ್ಲೊಂದು ನ್ಯಾಯವಾದ ಆಕ್ಷೇಪವಿದೆ. ನಮ್ಮದು ಕಾಂಕ್ರೀಟಿನ ಸ್ಲ್ಯಾಬು, ಐದು ಇಂಚು ದಪ್ಪ, ಒಂದು ಚದರ ಮೀಟರೇ 300 ಕೆ.ಜಿ. ತೂಗುತ್ತದೆ, ಇಷ್ಟು ಭಾರದ್ದನ್ನು ದಾಟಿ ಯಾವ ಸದ್ದು ಬಂದೀತು ಎನ್ನುತ್ತಾರೆ. ಗಾಳಿಯಲ್ಲಿ ಬರುವ ಸದ್ದಿನ ಮಟ್ಟಿಗೆ ಈ ಮಾತು ಸರಿ. ಕೆಳಮನೆಯವರ ಹರಟೆ, ಟಿವಿಯ ಮಾತು ಸ್ಲ್ಯಾಬಿನ ಮೂಲಕ ಅಷ್ಟಾಗಿ ಬರುವುದಿಲ್ಲ. ಬಂದರೆ ಕಿಟಕಿಯಿಂದ ಬರುತ್ತದೆ. ಆದರೆ ಬಟ್ಟೆ ಒಗೆಯುವ ದಬದಬ, ಮೇಲಿನ ಮನೆಯ ಕುರ್ಚಿ ಎಳೆದದ್ದು, ಸೊಸಾಯಿಟಿಯ ನೀರಿನ ಪಂಪು, ಎಲ್ಲೋ ಗೋಡೆ ಕೊರೆಯುವ ಡ್ರಿಲ್ಲು ಇವು ಗಾಳಿಯನ್ನು ನೆಚ್ಚಿಕೊಂಡಿಲ್ಲ. ಇವು ನೇರ ಕಾಂಕ್ರೀಟಿಗೇ ಪೆಟ್ಟು ಕೊಡುತ್ತವೆ. ಬಿಗಿಯಾದ, ಭಾರವಾದ ಕಾಂಕ್ರೀಟು ಆ ಪೆಟ್ಟನ್ನು ನುಂಗದೆ ದೂರದವರೆಗೆ ಸಾಗಿಸುತ್ತದೆ. ಗೋರೆಗಾಂವ್, ಠಾಣೆ ಕಡೆಯ ಹೊಸ ಟವರುಗಳಲ್ಲಿ ಅಲ್ಯೂಮಿನಿಯಂ ಅಚ್ಚಿಟ್ಟು ಗೋಡೆಯನ್ನೂ ಸ್ಲ್ಯಾಬನ್ನೂ ಒಟ್ಟಿಗೇ ಎರಕ ಹೊಯ್ಯುವ ಪದ್ಧತಿ ಬಂದಿದೆ. ಅಲ್ಲಿ ಯಾವುದೋ ಮಹಡಿಯಲ್ಲಿ ಡ್ರಿಲ್ ಹಚ್ಚಿದರೆ ಹಲವು ಮಹಡಿ ಆಚೆಗೂ ಪಕ್ಕದ ಗೋಡೆಯಲ್ಲೇ ಕೊರೆದಂತೆ ಕೇಳುತ್ತದೆ. ರೈಲು ಹಳಿಯ ಮಗ್ಗುಲಿನ ಕಟ್ಟಡಗಳಿಗೆ ಮಣ್ಣಿನ ಮೂಲಕವೇ ನಡುಕ ಬರುತ್ತದೆ. 1853ರಿಂದ ರೈಲಿನ ಜೊತೆ ಬೆಳೆದ ಈ ಊರಿನಲ್ಲಿ ಹಳಿಯಿಂದ ದೂರ ಮನೆ ಸಿಗುವುದು ಎಲ್ಲರ ಹಣೆಬರಹದಲ್ಲಿಲ್ಲ. ಗೋಡೆಗೆ ಎಷ್ಟು ಪದರ ಮೆತ್ತಿದರೂ ಬೂತು ನಿಂತ ನೆಲವೇ ನಡುಗಿದರೆ ಆ ಗೋಡೆಗಳೂ ನಡುಗುತ್ತವೆ, ಒಳಗಿನ ಮೈಕಿನ ಸ್ಟ್ಯಾಂಡೂ ನಡುಗುತ್ತದೆ.

ಹಾಗಾದರೆ ಇನ್ನಷ್ಟು ತೂಕ ಹಾಕೋಣ ಎಂಬುದು ಕಾಂಟ್ರಾಕ್ಟರುಗಳ ಸಿದ್ಧ ಉತ್ತರ. ಲೆಕ್ಕ ನೋಡೋಣ. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಏಳು ಅಡಿ ಎತ್ತರದ ಬೂತಿನ ಗೋಡೆ ಮತ್ತು ಸೂರು ಸೇರಿ ಸುಮಾರು 12 ಚದರ ಮೀಟರು. 12.5 ಮಿ.ಮೀ. ಜಿಪ್ಸಂ ಹಲಗೆಯನ್ನು ಒಳಗೆರಡು ಹೊರಗೆರಡು ಪದರ ಹಾಕಿದರೆ ಹಲಗೆಯೇ 400 ಕೆ.ಜಿ. ದಾಟುತ್ತದೆ. ಚೌಕಟ್ಟು, ನೆಲ, ಬಾಗಿಲು, ಒಳಗೆ ನಿಂತ ಮನುಷ್ಯ ಸೇರಿ 600ರ ಹತ್ತಿರ ಬರುತ್ತದೆ. ವಾಸದ ಕೋಣೆಗೆ ಭಾರತೀಯ ಮಾನಕ 875 ಹಿಡಿಯುವ ಬಳಕೆಯ ಭಾರ ಚದರ ಮೀಟರಿಗೆ ಸುಮಾರು 200 ಕೆ.ಜಿ. ಬೂತು ನಿಂತ ಜಾಗ ಒಂದೂವರೆ ಚದರ ಮೀಟರು. ಅದರ ಪಾಲು 300 ಕೆ.ಜಿ. ಅಂದರೆ ಪಾಲಿನ ಇಮ್ಮಡಿ ಹೇರಿದ ಹಾಗಾಯಿತು. ಇಷ್ಟು ಮಾಡಿ ಸಿಕ್ಕಿದ್ದೇನು? ಒಂಟಿ ಗೋಡೆಯ ತೂಕ ಇಮ್ಮಡಿಯಾದರೆ ಸದ್ದು ತಗ್ಗುವುದು ಹೆಚ್ಚೆಂದರೆ 6 ಡೆಸಿಬೆಲ್. ಕಿವಿಗೆ ಅರ್ಧವಾದಂತೆ ಕೇಳಬೇಕಾದರೆ 10 ಡೆಸಿಬೆಲ್ ತಗ್ಗಬೇಕು. ಅದೂ ಗಾಳಿಯಲ್ಲಿ ಬಂದ ಸದ್ದಿನ ಮಾತು. ನೆಲದಿಂದ ಏರಿದ ನಡುಕಕ್ಕೆ ಇದು ಮದ್ದಲ್ಲ.

ಇದಕ್ಕೂ ಪ್ರತಿವಾದವಿದೆ, ಅದು ಮುಂಬಯಿಯದೇ ಪ್ರತಿವಾದ. 200 ಲೀಟರಿನ ನೀರಿನ ಡ್ರಮ್ಮು ಮೂಲೆಯಲ್ಲಿ ಕೂತಿಲ್ಲವೇ, ಪುಸ್ತಕ ತುಂಬಿದ ಗೋದ್ರೆಜ್ ಕಪಾಟು ನಿಂತಿಲ್ಲವೇ, ಸ್ಲ್ಯಾಬು ಕುಸಿಯಿತೇ? ಕುಸಿಯಲಿಲ್ಲ, ನಿಜ. ಮಾನಕದ ಅಂಕಿ ಇಡೀ ಕೋಣೆಗೆ ಹರಡಿದ ಭಾರದ್ದು. ಒಂದು ಕಡೆ ಹೆಚ್ಚಾದರೆ ಸುತ್ತಲಿನ ಸ್ಲ್ಯಾಬು ಹಂಚಿಕೊಳ್ಳುತ್ತದೆ, ವಿನ್ಯಾಸದಲ್ಲಿ ಸುರಕ್ಷೆಯ ಅಂಚೂ ಇರುತ್ತದೆ. ಒಳ್ಳೆಯ ಸ್ಥಿತಿಯಲ್ಲಿರುವ ಕಟ್ಟಡದಲ್ಲಿ, ತೊಲೆಯ ಮೇಲೋ ಗೋಡೆಯ ಪಕ್ಕದಲ್ಲೋ ಇಟ್ಟ ಮಧ್ಯಮ ತೂಕದ ಬೂತಿಗೆ ನಾನೂ ಹೆದರುವುದಿಲ್ಲ. ಆದರೆ ಆ ಅಂಚನ್ನು ಈಗಾಗಲೇ ಯಾರು ಯಾರು ತಿಂದಿದ್ದಾರೆ ಎಂಬುದು ಮುಖ್ಯ. ಕಡಲ ಉಪ್ಪುಗಾಳಿ ಒಳಗಿನ ಕಬ್ಬಿಣವನ್ನು ತಿಂದಿರುತ್ತದೆ; ಹಳೆಯ ಲಾದಿಯ ಮೇಲೆಯೇ ಹೊಸ ಟೈಲ್ಸ್ ಕೂರಿಸಿದ ಒಡೆಯರು ಒಂದಿಷ್ಟು ತಿಂದಿರುತ್ತಾರೆ. 30 ವರ್ಷ ದಾಟಿದ ಕಟ್ಟಡಕ್ಕೆ ರಚನಾ ತಪಾಸಣೆ ಮಾಡಿಸಬೇಕೆಂದು ಪಾಲಿಕೆಯ ಕಾಯಿದೆ ಹೇಳುವುದು ಸುಮ್ಮನೆ ಅಲ್ಲ. ಗಿರಗಾಂವ್, ಕಾಲ್ಬಾದೇವಿ ಕಡೆಯ 1940ಕ್ಕೂ ಹಿಂದಿನ, ದುರಸ್ತಿಗೆಂದು ಸೆಸ್ ಕಟ್ಟುವ ಕಟ್ಟಡಗಳಲ್ಲಿ ಎಷ್ಟೋ ಕಡೆ ನೆಲವನ್ನು ಹೊತ್ತಿರುವುದು ಮರದ ತೊಲೆ. ಪ್ರತಿ ಮಳೆಗಾಲಕ್ಕೆ ಮೊದಲು ರಾಜ್ಯದ ವಸತಿ ಪ್ರಾಧಿಕಾರವಾದ ಮ್ಹಾಡಾದ ದುರಸ್ತಿ ಮಂಡಳಿ ಅಪಾಯದ ಕಟ್ಟಡಗಳ ಪಟ್ಟಿ ಹೊರಡಿಸುವುದು ಇಂಥವನ್ನು ನೋಡಿಯೇ. ಅಲ್ಲಿ ಬೂತಿನ ಮಾತೇ ಬೇಡ. ಕೋಣೆಯ ಮೂಲೆ, ಎರಡು ಕೌದಿ, ರಾತ್ರಿಯ ಹೊತ್ತು ಸಾಕು. ಇನ್ನೊಂದು ಜಾಗವನ್ನು ಹೆಸರಿಸಿಯೇ ಹೇಳಬೇಕು: ಗಾಜು ಕೂರಿಸಿ ಒಳಗೆ ಸೇರಿಸಿಕೊಂಡ ಬಾಲ್ಕನಿ. ಅಗಲ ಸರಿಹೊಂದುತ್ತದೆ, ಮನೆಯವರ ಕಾಲಿಗೆ ತೊಡರುವುದಿಲ್ಲ ಎಂದು ಎಲ್ಲರ ಕಣ್ಣೂ ಅದರ ಮೇಲೆ. ಒಂದೇ ಕಡೆ ಆಧಾರವಿಟ್ಟು ಹೊರಚಾಚಿದ ಹಳೆಯ ಸ್ಲ್ಯಾಬಿನ ತುದಿಯಲ್ಲಿ ಅರ್ಧ ಟನ್ ನಿಲ್ಲಿಸುವುದು ಬೂತಿನ ವಿಷಯವಾಗಿ ನಾನು ಬಲ್ಲ ಅತಿ ಕೆಟ್ಟ ಯೋಚನೆ.

ತೂಕ ಬೇಡವಾದರೆ ಉಳಿದದ್ದು ಬಿಡುಗಡೆ, ಅಂದರೆ ಬೂತನ್ನು ರಬ್ಬರಿನ ಮೇಲೆ ತೇಲಿಸುವುದು. ಇಲ್ಲಿ ನಡೆಯುವಷ್ಟು ಅವಾಂತರ ಬೇರೆಲ್ಲೂ ಇಲ್ಲ. ರಬ್ಬರ್ ದಪ್ಪ ಇದ್ದಷ್ಟೂ ಒಳ್ಳೆಯದು ಎಂದುಕೊಂಡು ಜಿಮ್ಮಿಗೆ ಹಾಸುವ ಗಟ್ಟಿ ಹಾಳೆಯನ್ನು ತಳದುದ್ದಕ್ಕೂ ಹಾಸುತ್ತಾರೆ. ಕೆಲಸ ಮಾಡುವುದು ರಬ್ಬರಿನ ದಪ್ಪವಲ್ಲ, ಭಾರ ಬಿದ್ದಾಗ ಅದು ಕುಗ್ಗುವ ಪ್ರಮಾಣ. ಅಂದಾಜಿಗೆ ಒಂದು ಸೂತ್ರವಿದೆ: ಎಷ್ಟು ಮಿ.ಮೀ. ಕುಗ್ಗಿತೋ ಅದರ ವರ್ಗಮೂಲದಿಂದ 16ನ್ನು ಭಾಗಿಸಿದರೆ ಆ ನೆಲದ ಸ್ವಂತ ಕಂಪನಾಂಕ ಹರ್ಟ್ಸ್‌ನಲ್ಲಿ ಸಿಗುತ್ತದೆ. ಒಂದು ಮಿ.ಮೀ. ಕುಗ್ಗಿದರೆ 16, ನಾಲ್ಕು ಕುಗ್ಗಿದರೆ 8, ಕಾಲು ಮಿ.ಮೀ. ಮಾತ್ರ ಕುಗ್ಗಿದರೆ 32. ಇದರ ಸುಮಾರು ಒಂದೂವರೆ ಪಾಲಿನಿಂದ ಮೇಲಿನ ನಡುಕವನ್ನಷ್ಟೇ ಅದು ತಡೆಯುತ್ತದೆ. ಸ್ವಂತ ಕಂಪನಾಂಕದ ಆಸುಪಾಸಿನದನ್ನು ಇನ್ನೂ ಹೆಚ್ಚಿಸಿ ಕೊಡುತ್ತದೆ. 300 ಕೆ.ಜಿ.ಯ ಹಗುರ ಬೂತನ್ನು ಒಂದೂವರೆ ಚದರ ಮೀಟರಿನ ಗಟ್ಟಿ ಹಾಳೆಯ ಮೇಲಿಟ್ಟರೆ ಹಾಳೆಗೆ ಭಾರ ಬಿದ್ದದ್ದೇ ಗೊತ್ತಾಗುವುದಿಲ್ಲ. ಅದು ಕುಗ್ಗುವುದೂ ಇಲ್ಲ, ತಡೆಯುವುದೂ ಇಲ್ಲ. ಅದೇ ಭಾರವನ್ನು ಅಂಗೈಯಗಲದ ಒಂಬತ್ತು ಮೆತ್ತನೆಯ ಪ್ಯಾಡುಗಳಿಗೆ ಹಂಚಿ, ತಲಾ 33 ಕೆ.ಜಿ.ಗೆ ಒಂದೆರಡು ಮಿ.ಮೀ. ಕುಗ್ಗುವಂಥದ್ದನ್ನು ಆರಿಸಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಪ್ಯಾಡು ಕೊಳ್ಳುವ ಮೊದಲು ಬೂತಿನ ತೂಕ ಗೊತ್ತಿರಬೇಕು ಎಂದಾಯಿತು. ತೂಕ ಕೇಳದೆ ಪ್ಯಾಡು ಮಾರುವ ಅಂಗಡಿಯವರಿಗೆ ನಮಸ್ಕಾರ ಹೇಳಿ ಹೊರಬರುವುದು ಒಳ್ಳೆಯದು.

ಸಮಸ್ಯೆ ಇರುವುದು ಇಲ್ಲೇ. ಸದ್ದಿನ ದೃಷ್ಟಿಯಿಂದ ಭಾರ ಕೆಲವೇ ಬಿಂದುಗಳ ಮೇಲೆ ಬೀಳಬೇಕು. ಲಾದಿಯ ದೃಷ್ಟಿಯಿಂದ ಅದು ಆದಷ್ಟೂ ಹರಡಬೇಕು. ವಿಟ್ರಿಫೈಡ್ ಟೈಲ್ಸ್ ಕೆಳಗೆ ಗಾರೆ ಪೂರ್ತಿ ಹಿಡಿದಿರುವುದಿಲ್ಲ; ಬೆರಳ ಗಿಣ್ಣಿನಿಂದ ತಟ್ಟಿದರೆ ಅಲ್ಲಲ್ಲಿ ಪೊಳ್ಳು ಸದ್ದು ಬರುತ್ತದೆ, ಅಂಥ ಕಡೆ ಬಿಂದುಭಾರ ಬಿದ್ದರೆ ಸೀಳು ಖಂಡಿತ. ಹಳೆಯ ಮೊಸಾಯಿಕ್ ಗಟ್ಟಿ, ಆದರೆ ಕಲೆ ಹಿಡಿಯುತ್ತದೆ. ಚಾಳುಗಳ ಶಹಾಬಾದಿ ಲಾದಿ, ನಮ್ಮ ಕಲಬುರಗಿ ಸೀಮೆಯಿಂದ ಬಂದು ಈ ಊರಿನ ಕಾಲ್ತುಳಿತಕ್ಕೆ ಸವೆದ ಆ ಬೂದು ಕಲ್ಲು, ಪದರ ಪದರವಾಗಿ ಏಳುತ್ತದೆ. ಕಪ್ಪು ರಬ್ಬರನ್ನು ನೇರ ಇಟ್ಟರೆ ಅದರ ಎಣ್ಣೆಯಂಶ ಕಲ್ಲಿಗಿಳಿದು ಮಾಡುವ ಕಂದು ಗುರುತು ಯಾವ ಆಸಿಡ್‌ಗೂ ಹೋಗುವುದಿಲ್ಲ. ಪರಿಹಾರ ಸರಳ, ಆದರೂ ಮಾಡುವವರು ಕಡಿಮೆ: ಎರಡು ಹಲಗೆ ಬೇಕು. ಲಾದಿಯ ಮೇಲೆ ತೆಳು ಕಾರ್ಕ್ ಅಥವಾ ಫೆಲ್ಟ್, ಅದರ ಮೇಲೆ 19 ಮಿ.ಮೀ. ಮರೀನ್ ಪ್ಲೈ, ಇದು ಭಾರವನ್ನು ಹರಡುತ್ತದೆ, ಕಲೆಯನ್ನು ತಡೆಯುತ್ತದೆ. ಅದರ ಮೇಲೆ ಪ್ಯಾಡುಗಳು. ಪ್ಯಾಡುಗಳ ಮೇಲೆ ಎರಡು ಪದರ ಪ್ಲೈ, ಒಂದರ ಸೇರುವೆ ಇನ್ನೊಂದರ ಸೇರುವೆಯ ಮೇಲೆ ಬಾರದಂತೆ. ನಡುವಿನ ಪೊಳ್ಳಿನಲ್ಲಿ ಪಾಲಿಯೆಸ್ಟರ್ ನಾರು ತುಂಬಬೇಕು. ಬರಿದೇ ಬಿಟ್ಟರೆ ಕಾಲಿಟ್ಟಾಗಲೆಲ್ಲ ಡೊಳ್ಳಿನಂತೆ ಗುಮ್ಮೆನ್ನುತ್ತದೆ. ಇಡೀ ಬೂತು ಮೇಲಿನ ಹಲಗೆಯ ಮೇಲೆ ನಿಲ್ಲಬೇಕು, ಮನೆಯ ಗೋಡೆಗೆ ಎಲ್ಲೂ ತಾಗಬಾರದು. ಬಡಗಿಯ ಮೇಲೆ ಕಣ್ಣಿಡಬೇಕಾದ್ದು ಈ ಹಂತದಲ್ಲಿ. ತಾನು ಮಾಡಿದ ವಸ್ತು ಅಲ್ಲಾಡಬಾರದು ಎಂಬುದು ಅವನ ಕಸುಬಿನ ಮರ್ಯಾದೆ. ಹೋಗುವ ಮುನ್ನ ಮೇಲಿನ ಹಲಗೆಯಿಂದ ಕೆಳಗಿನದಕ್ಕೆ ಉದ್ದನೆಯ ಸ್ಕ್ರೂ ಬಿಗಿದೇ ಹೋಗುತ್ತಾನೆ. ಆ ಒಂದು ಸ್ಕ್ರೂ ಸಾಕು, ನಡುಕ ಪ್ಯಾಡನ್ನು ಬಳಸಿಕೊಂಡು ಮೇಲೇರಲು.

ಇಷ್ಟೆಲ್ಲ ಯಾಕೆ, ಈಗ ಗದ್ದಲ ತೆಗೆಯುವ ಸಾಫ್ಟ್‌ವೇರ್ ಇದೆಯಲ್ಲ ಎನ್ನುವವರಿಗೂ ಉತ್ತರ ಕೊಡಬೇಕು. ಅವರ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ನಾನು ಧಾರಾಳವಾಗಿ ಬಳಸುತ್ತೇನೆ. ಗಂಡುದನಿಯ ಮೂಲ ಸ್ವರವೂ ಸಾಮಾನ್ಯವಾಗಿ 80 ಹರ್ಟ್ಸ್‌ಗಿಂತ ಕೆಳಗಿಳಿಯುವುದಿಲ್ಲ. ಅದಕ್ಕಿಂತ ಕೆಳಗಿನ ರೈಲಿನ ಗುಡುಗು, ಪಂಪಿನ ಗೊರಗೊರವನ್ನು ಫಿಲ್ಟರು ಕತ್ತರಿಸಿದರೆ ದನಿಗೆ ನಷ್ಟವಿಲ್ಲ. ಬಿಟ್ಟಿಯಾಗಿ ಹೋಗುವುದನ್ನು ತಡೆಯಲು ನೆಲದ ಮೇಲೆ ಟನ್ನುಗಟ್ಟಲೆ ಹೇರಬೇಕಿಲ್ಲ ಎಂಬುದು ನನ್ನ ಹಗುರ ಬೂತಿನ ಪರವಾದ ಸಾಕ್ಷ್ಯವೇ. ಫ್ಯಾನಿನಂಥ ಒಂದೇ ಸಮದ ಸದ್ದನ್ನೂ ಸಾಫ್ಟ್‌ವೇರ್ ಚೆನ್ನಾಗಿ ಒರೆಸುತ್ತದೆ. ಅದು ಎಡವುವುದು ಮಾತಿನ ನಡುವೆ ಬಿದ್ದ ಪೆಟ್ಟಿನಲ್ಲಿ. ‘ಸ’, ‘ಷ’, ‘ಹ’ ಇವು ಸ್ವಭಾವದಲ್ಲೇ ಉಸಿರಿನ ಗದ್ದಲ; ಹೆಚ್ಚು ಒರೆಸಿದರೆ ಮಹಾಪ್ರಾಣಗಳ ಉಸಿರೂ ಅದರ ಜೊತೆ ಹೋಗುತ್ತದೆ, ಓದಿದವರು ನೆಗಡಿಯಾದವರಂತೆ ಕೇಳುತ್ತಾರೆ. ಮೂವತ್ತು ಸೆಕೆಂಡಿನ ಸಾಬೂನಿನ ಜಾಹೀರಾತಿಗೆ ಸಂಗೀತ ಇದನ್ನು ಮುಚ್ಚೀತು. ಆಡಿಯೊ ಪುಸ್ತಕದಲ್ಲಿ ಮುಚ್ಚಲು ಏನೂ ಇಲ್ಲ. ಆಡಿಬಲ್‌ಗೆ ಪುಸ್ತಕ ಸೇರಿಸುವ ಎಸಿಎಕ್ಸ್ ವೇದಿಕೆ ಮೌನದಲ್ಲಿ ಉಳಿಯುವ ಗದ್ದಲದ ಮಟ್ಟ ಮೈನಸ್ 60 ಡೆಸಿಬೆಲ್ ಮೀರಬಾರದು ಎಂದು ನಿಯಮ ಮಾಡಿರುವುದು ಈ ಕಾರಣಕ್ಕೆ.

ಇನ್ನು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಮೀಟರಿಗೂ ಹೆಚ್ಚು ಮಳೆ ಸುರಿಯುವ ಊರು ಇದು. ಪಾಶ್ಚಾತ್ಯರ ಕೈಪಿಡಿ ನೋಡಿ ಕಟ್ಟಿದ ಬೂತುಗಳು ಸೋಲುವುದು ಇಲ್ಲಿ, ಯಾಕೆಂದರೆ ಸೌಂಡ್‌ಪ್ರೂಫಿಂಗಿಗೆ ಬೇಕಾದ ಬಿಗಿ ಮುಚ್ಚುಗೆ ಒಳಗಿನ ತೇವಕ್ಕೂ ಬೀಗ ಹಾಕುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈ ಸುಮಾರು 100 ವ್ಯಾಟ್ ಬಲ್ಬಿನಷ್ಟು ಶಾಖ ಬಿಡುತ್ತದೆ, ಜೊತೆಗೆ ಬೆವರು, ಉಸಿರಿನ ಆವಿ. ತಳದ ಕಾರ್ಪೆಟ್ಟು ಅದನ್ನೆಲ್ಲ ಕುಡಿದು ಆಗಸ್ಟ್ ಹೊತ್ತಿಗೆ ಮುಗ್ಗಲು ನಾತ ಬೀರುತ್ತದೆ. ಪ್ಲೈ ಉಬ್ಬಿ ಬಾಗಿಲು ಹಿಡಿದುಕೊಳ್ಳುತ್ತದೆ. ನೆಲಮಹಡಿಯಾದರೆ ಕೆಳಗಿನಿಂದ ತೇವ ಏರುತ್ತದೆ, ಅದರ ಹಿಂದೆ ಗೆದ್ದಲು. ಪ್ಲಾಸ್ಟಿಕ್ ಹಾಳೆ ಹಾಸಿ ಅಡಗಿಸುವವರು ತೇವವನ್ನು ಹಾಳೆಯ ಅಡಿಯಲ್ಲಿ ಸಾಕಿಕೊಂಡಂತೆ. ಕೆಳಹಲಗೆಯನ್ನು ಒಂದೇ ತುಂಡಾಗಿ ಇಡದೆ ಪಟ್ಟಿಗಳಾಗಿ ಕೊಯ್ದು, ನಡುವೆ ಗಾಳಿಯಾಡಲು ಎರಡು ಬೆರಳು ಜಾಗ ಬಿಡಬೇಕು. ಕಾರ್ಪೆಟ್ಟು ಅಂಟಿಸದೆ ಎತ್ತಿ ಒಣಹಾಕುವಂತಿರಬೇಕು. ಹೀಗೆ ಬಿಟ್ಟ ಸಂದಿಯಿಂದ ಸದ್ದು ನುಗ್ಗುವುದಿಲ್ಲವೇ ಎಂದರೆ, ಇಲ್ಲ. ಬೂತಿನ ಮುಚ್ಚುಗೆ ಪೂರ್ತಿಯಾಗುವುದು ಮೇಲಿನ ಹಲಗೆಯಲ್ಲಿ, ಕೆಳಗಿನದು ಬರೀ ಕಾಲು.

ಸ್ಟುಡಿಯೊ ಗಂಟೆಯ ಬಾಡಿಗೆಗೆ ಸಿಗುವಾಗ ಮನೆಯಲ್ಲೇಕೆ ಈ ಉಸಾಬರಿ ಎಂಬ ಪ್ರಶ್ನೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಬೇಕಾಗಿಯೂ ಇಲ್ಲ. ಕಿರುಚಾಟದ ಸಾಹಸ ದೃಶ್ಯದ ಡಬ್ಬಿಂಗು, ನಾಲ್ಕಾರು ಜನರ ಮಾತು ಇವಕ್ಕೆ ಅಂಧೇರಿಯ ಸ್ಟುಡಿಯೊವೇ ಸರಿ. ವಸತಿ ಪ್ರದೇಶದ ಶಬ್ದಮಿತಿ ಹಗಲಿಗೆ 55, ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಎಂದು 2000ದ ನಿಯಮ ಹೇಳುತ್ತದೆ. ಓದುವ ದನಿ ಬೂತಿನಾಚೆ ಅಷ್ಟು ತಲುಪುವುದಿಲ್ಲ, ಆದರೆ ರಾತ್ರಿಯೇ ಕೆಲಸಕ್ಕೆ ಅನುಕೂಲವಾದ ಈ ಊರಿನಲ್ಲಿ ನಮ್ಮ ಕುರ್ಚಿಯ ಚಕ್ರ ಕೆಳಮನೆಯ ಮಗುವನ್ನು ಎಬ್ಬಿಸಬಲ್ಲದು. ತೇಲುವ ನೆಲ ಎರಡೂ ದಿಕ್ಕಿಗೆ ಕೆಲಸ ಮಾಡುವುದರಿಂದ ಆ ಜಗಳವೂ ತಪ್ಪುತ್ತದೆ. ಮಾದರಿ ದನಿ ಕಳಿಸುವುದು, ತಿದ್ದುಪಡಿಯ ಎರಡು ಸಾಲು, ದಿನಗಟ್ಟಲೆ ಎಳೆಯುವ ಪುಸ್ತಕದ ಓದು ಇವಕ್ಕೆ ಮನೆಯ ಬೂತು ಬೇಕೇ ಬೇಕು. ಈ ಕಸುಬಿನವರಲ್ಲಿ ಬಹುಪಾಲು ಜನ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನ ಮೇಲೆ ಇರುವವರು. ಸ್ವಂತ ಮನೆಯವರಿಗೂ ಈಗ ಪುನರಭಿವೃದ್ಧಿಯ ನೋಟೀಸು ಯಾವಾಗ ಬರುತ್ತದೋ ತಿಳಿಯದು. ಹಾಗಾಗಿ ಬೋಲ್ಟು ಬಿಚ್ಚಿ ಟೆಂಪೊದಲ್ಲಿ ಹಾಕಿಕೊಂಡು ಹೋಗುವಂತಿರಬೇಕು, ಹೋದ ಮೇಲೆ ಲಾದಿ ಹಿಂದಿನಂತೆಯೇ ಇರಬೇಕು. ಹೀಗೆ ಹೋಗಿ ಸೇರುವುದು ಹೊಸ ಟವರಾದರೆ ಅಲ್ಲಿ ಭಾರದ ಭಯ ಕಡಿಮೆ, ನಡುಕ ಹೆಚ್ಚು. ಗೋಡೆ, ಬಾಗಿಲು, ಮೇಲಿನ ಹಲಗೆ ಹಾಗೆಯೇ ನಡೆಯುತ್ತವೆ; ಪ್ಯಾಡು ಮಾತ್ರ ಅಲ್ಲಿ ಮತ್ತೆ ಲೆಕ್ಕ ಹಾಕಿ, ಇನ್ನಷ್ಟು ಮೆತ್ತಗಿನದನ್ನು ಹಾಕಬೇಕಾಗುತ್ತದೆ.